ಅತ್ತೆಯ ಕಾವಲಿ

ನಮ್ಮತ್ತೆಯ ಬೀಡು ಕಬ್ಬಿಣದ ದೋಸೆ ಕಾವಲಿಗೆ ಸೋಪು ಮುಟ್ಟಿಸುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ಬಿಸಿನೀರಲ್ಲಿ ತೊಳೆದು, ಒಲೆಯ ಮೇಲಿಟ್ಟು ಪಸೆ ಆರಿಸಿ, ತೆಳ್ಳಗೆ ಎಣ್ಣೆ ಸವರಿ ಇಟ್ಟರೇ ಅವರಿಗೆ ಸಮಾಧಾನ. ಹಾಗೆ ವರ್ಷಗಟ್ಟಲೆ ಪಳಗಿಸಿದ ಕಾವಲಿ ಕಪ್ಪಗೆ ಮಿರಮಿರ ಮಿಂಚುತ್ತಿತ್ತು. ಒಮ್ಮೆ ಮಾವ ಉಪಕಾರ ಮಾಡಲು ಹೋಗಿ ಅದನ್ನು ಸೋಪು ಹಾಕಿ ತಿಕ್ಕಿಬಿಟ್ಟರು. ಅದು ಮತ್ತೆ ಕಪ್ಪಾಗುವವರೆಗೂ ಅತ್ತೆ ಅವರ ಜೊತೆ ಮಾತು ಬಿಟ್ಟಿದ್ದರು.

ಈಗ ಅತ್ತೆಗೆ ಮರೆವಿನ ಕಾಯಿಲೆ. ಬೆಳಗಾದರೆ ಸಾಕು, ಆ ಕಪ್ಪನ್ನು ಕೊಳೆಯೆಂದು ತಿಳಿದು, ಸೋಪು ಬಳಿದು, ಪಾತ್ರೆ ಉಜ್ಜುವ ತಂತಿಯಲ್ಲಿ ಗಸಗಸ ತಿಕ್ಕುತ್ತಾರೆ. ಬಚ್ಚಿಟ್ಟು ನೋಡಿದೆ, ಮನೆಯೆಲ್ಲ ಹುಡುಕಿ ಮಗುವಿನಂತೆ ಅತ್ತರು. ಕೊಟ್ಟುಬಿಟ್ಟೆ, ಇನ್ನೇನು ಮಾಡಲಿ? ಮೈಯೆಲ್ಲ ಉರಿಯುತ್ತದೆ, ಆದರೆ ಯಾರ ಮೇಲೆ ರೇಗಲಿ? ಡಾಕ್ಟರೂ ಕೈಚೆಲ್ಲಿದ್ದಾರೆ. ಸಂಜೆ ಮಾವ ತುಕ್ಕು ಒರೆಸಿ, ಕಾಯಿಸಿ, ಎಣ್ಣೆ ಹಚ್ಚುತ್ತಾರೆ. ಮರುದಿನ ಮತ್ತದೇ ಕಥೆ.

ಇವತ್ತು ಮಾವ ಎಣ್ಣೆ ಬಟ್ಟಲು ಹಿಡಿದು ಕೂತಿದ್ದಾಗ ಅತ್ತೆ ಪಕ್ಕದಲ್ಲಿ ಬಂದು ನಿಂತರು.

“ಯಾರದಣ್ಣಾ ಈ ಕಾವಲಿ?”

ಕಟ್ಟಿಕೊಂಡ ಗಂಡನನ್ನೇ ಅಣ್ಣಾ ಎಂದದ್ದು ಕೇಳಿ ನಾನು ಇದ್ದಲ್ಲೇ ನಿಂತೆ. ಮಾವ ತಲೆ ಎತ್ತಲಿಲ್ಲ.

“ನನ್ನ ಹೆಂಡತೀದು.”

ಅತ್ತೆಯ ಮುಖ ಬಿಳಿಚಿಕೊಂಡಿತು. ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

“ಅಯ್ಯೋ, ನಾನು ಸೋಪು ಹಾಕಿ ತಿಕ್ಕಿಬಿಟ್ಟೆನಲ್ಲ! ನಿಮ್ಮ ಹೆಂಡ್ತಿ ಬಂದ್ರೆ ಹೇಳ್ಬೇಡಿ.”