ನಾಲ್ಕು ಮಗ್ಗದ ಕಣ್ಣು

ಚಾಚಾನ ಕಣ್ಣು ಒಂದು ಕಡೆ ನಿಂತದ್ದನ್ನು ನಾನು ಕಂಡವನಲ್ಲ. ಎದುರಿಗೆ ಕೂತು ಮಾತಾಡುತ್ತಿದ್ದರೂ ಆ ಸಣ್ಣ, ಕೆಂಪಡರಿದ ಕಣ್ಣುಗಳು ಒಮ್ಮೆ ನಮ್ಮ ಮುಖ ಮುಟ್ಟಿ, ಎಡಕ್ಕೆ ಹೋಗಿ, ಬಲಕ್ಕೆ ಹೊರಳಿ, ಹೆಗಲ ಹಿಂದೊಂದು ಸುತ್ತು ಹಾಕಿ ಮತ್ತೆ ನಮ್ಮ ಮುಖಕ್ಕೆ ಬರುತ್ತಿದ್ದವು. ಮಂಡಕ್ಕಿ ತಿನ್ನುವಾಗಲೂ ಅಷ್ಟೆ, ನಮಾಜು ಮುಗಿಸಿ ಚಪ್ಪಲಿ ಹುಡುಕುವಾಗಲೂ ಅಷ್ಟೆ. ಅವರ ತಂಗಿಯ ಮದುವೆಯ ಫೋಟೊದಲ್ಲಿ ಎಲ್ಲರೂ ಕ್ಯಾಮೆರಾ ನೋಡುತ್ತಿದ್ದರೆ ಚಾಚಾ ಒಬ್ಬರೇ ಶಾಮಿಯಾನದ ಕಂಬ ನೋಡುತ್ತಿದ್ದಾರೆ. "ನಿಕಾಹ್ ದಿನಾನೂ ನನ್ನ ಮುಖ ನೋಡ್ಲಿಲ್ಲಪ್ಪ, ನಾಕೂ ಗೋಡೆ ನೋಡಿದ್ರು" ಎಂದು ಚಾಚಿ ಅವರೆದುರಿಗೇ ನನಗೆ ಹೇಳಿ ನಗುತ್ತಿದ್ದರು.

ರಕ್ತಸಂಬಂಧದ ಚಾಚಾ ಅಲ್ಲ. ನಾನು ಲೋಕಿಕೆರೆಯ ವಿಭೂತಿ ಹಚ್ಚುವ ಮನೆಯವನು. ಪಿಯುಸಿಯಲ್ಲಿ ಫೇಲಾಗಿ ದಾವಣಗೆರೆಯ ಬಟ್ಟೆ ಮಿಲ್ಲೊಂದಕ್ಕೆ ಸೇರಿದಾಗ ಮಗ್ಗ ಕಲಿಯಲು ನನ್ನನ್ನು ಅವರ ಪಕ್ಕ ನಿಲ್ಲಿಸಿದರು. ಒಬ್ಬ ನೇಕಾರನಿಗೆ ನಾಲ್ಕು ಮಗ್ಗ. ಮುಂದೆ ಎರಡು, ಬೆನ್ನ ಹಿಂದೆ ಎರಡು. ಯಾವುದರ ಎಳೆ ಕಡಿದರೂ ತಕ್ಷಣ ನಿಲ್ಲಿಸಿ ಗಂಟು ಹಾಕಬೇಕು, ತಡವಾದರೆ ಬಟ್ಟೆ ಕೆಟ್ಟು ಕೂಲಿಗೆ ಕತ್ತರಿ. ಆ ಗದ್ದಲದಲ್ಲಿ ಎಳೆ ಕಡಿದದ್ದು ಕೇಳುವುದಿಲ್ಲ, ಕಣ್ಣೇ ಸುತ್ತುತ್ತಿರಬೇಕು. ಅಲ್ಲಿ ವರ್ಷಗಟ್ಟಲೆ ನಿಂತವನ ಕಿವಿ ಮಂದವಾಗುವುದು ಸಂಬಳಕ್ಕಿಂತ ಖಾತ್ರಿ. ಚಾಚಾನಿಗೆ ಆಗಲೇ ಮುಕ್ಕಾಲು ಕಿವುಡು.

ಹಾಗಾಗಿ ನಾವೆಲ್ಲ ಕೈಯಲ್ಲೇ ಮಾತಾಡುತ್ತಿದ್ದೆವು. ಎರಡು ಬೆರಳು ಕೂಡಿಸಿ ಬಿಡಿಸಿದರೆ ಎಳೆ ಕಡಿದಿದೆ, ಮುಷ್ಟಿ ತಿರುಗಿಸಿದರೆ ಮಗ್ಗ ಓಡುತ್ತಿದೆ, ಮಣಿಕಟ್ಟು ತಟ್ಟಿದರೆ ಹೊತ್ತಾಯಿತು. ಮೇಸ್ತ್ರಿಯ ಸಿಟ್ಟಿಗೆ, ಕ್ಯಾಂಟೀನಿನ ಹಳಸಿದ ಸಾರಿಗೆ, ಯಾರದೋ ಮನೆಯ ಸೀಮಂತಕ್ಕೆ, ಎಲ್ಲಕ್ಕೂ ಕೈಸನ್ನೆ ಇತ್ತು. ಮಿಲ್ಲಿನ ಗೇಟು ದಾಟಿದ ಮೇಲೂ ಆ ಚಾಳಿ ಬಿಡುತ್ತಿರಲಿಲ್ಲ. ನಾವು ನಾಲ್ಕು ಜನ ಬಸ್ಸಿನಲ್ಲಿ ಕೂತರೆ ಉಳಿದವರು ನಮ್ಮನ್ನು ಮೂಗರೆಂದು ತಿಳಿದು ಜಾಗ ಬಿಡುತ್ತಿದ್ದರು.

ಚೆಸ್ ಕಲಿಸಿದವರೂ ಅವರೇ. ಕೆಟ್ಟ ಬಟ್ಟೆಯ ತುಂಡಿನ ಮೇಲೆ ಶಾಯಿಯಲ್ಲಿ ಮನೆ ಬರೆದುಕೊಂಡು, ನೂಲು ಸುತ್ತುವ ಒಡೆದ ಮರದ ಬಾಬಿನ್‌ಗಳನ್ನು ಕೊಯ್ದು ಆನೆ, ಕುದುರೆ, ಸಿಪಾಯಿ ಮಾಡಿಕೊಂಡಿದ್ದರು. ಊಟದ ಬಿಡುವಿನಲ್ಲಿ ಆಡುತ್ತಿದ್ದೆವು. ಮಣೆಯನ್ನು ಒಂದು ಕ್ಷಣ ನೋಡಿ ತಲೆಗೆ ತುಂಬಿಕೊಂಡು, ಆಮೇಲೆ ಲೋಕವನ್ನೆಲ್ಲ ನೋಡುತ್ತಾ ಲೆಕ್ಕ ಹಾಕಿ, ಮತ್ತೆ ಮಣೆಗೆ ಬಂದು ಕಾಯಿ ಇಡುತ್ತಿದ್ದರು. ನಾನು ಒಂದೇ ಮೂಲೆಯನ್ನು ದಿಟ್ಟಿಸಿ ಇನ್ನೊಂದು ಮೂಲೆಯಲ್ಲಿ ಮಂತ್ರಿ ಕಳೆದುಕೊಂಡಾಗ ಒಂದೇ ಮಾತು ಹೇಳುತ್ತಿದ್ದರು:

"ಎಲ್ಲಿ ನೋಡ್ತೀಯೋ ಅಲ್ಲಿ ಎಳೆ ಕಡಿಯಲ್ಲ ಬೇಟಾ. ಎಲ್ಲಿ ನೋಡಲ್ವೋ ಅಲ್ಲೇ ಕಡೀತೈತೆ."

ಎಂಬತ್ತರ ದಶಕದ ಮೊದಲಲ್ಲಿ ಅವರಿಗೆ ಕೆಮ್ಮು ಹತ್ತಿತು. ಬೆಳಗಿನ ಹೊತ್ತು ಶುರುವಾದರೆ ಗೋಡೆ ಹಿಡಿದು ನಿಲ್ಲಬೇಕಾಗುತ್ತಿತ್ತು. ನಾನೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಎದೆಯ ತುಂಬ ಹತ್ತಿಯ ಧೂಳು ಕೂತಿದೆ ಎಂದ ಡಾಕ್ಟರು, ಕಿವುಡನಿಗೆ ಹೇಳುವುದು ತಿಳಿಯದೆ ನನ್ನ ಮುಖ ನೋಡಿ ಹೇಳಿದರು: "ಒಂದಾ ಧೂಳು ಬಿಡಬೇಕು, ಇಲ್ಲಾ ಉಸಿರು ಬಿಡ್ತಾನೆ." ನಾನು ಅದನ್ನು ಚಾಚಾನಿಗೆ ಕೈಸನ್ನೆಯಲ್ಲಿ ದಾಟಿಸಬೇಕಾಯಿತು. ಧೂಳಿಗೆ ನಮ್ಮಲ್ಲಿ ಸನ್ನೆ ಇತ್ತು. ಉಸಿರು ಬಿಡುವುದಕ್ಕೆ ಇರಲಿಲ್ಲ, ಅಂಗೈ ಮಗುಚಿ ತೋರಿಸಿದೆ.

ಮಗ್ಗ ಬಿಟ್ಟರೆ ಬೇರೇನೂ ಬಾರದ ಮನುಷ್ಯನಿಗೆ, ಎರಡು ಹೆಣ್ಣುಮಕ್ಕಳ ತಂದೆಗೆ, ಧೂಳು ಬಿಡು ಅಂದರೆ ಎಲ್ಲಿಗೆ ಹೋಗಬೇಕು? ಅಂಥ ಹೊತ್ತಿನಲ್ಲಿ ಹರಿಹರದ ಒಂದು ಕಾರ್ಖಾನೆಯವರು ಚೆಸ್ ಪಂದ್ಯಾವಳಿ ಇಟ್ಟರು. ಅಲ್ಲಿನ ದೊಡ್ಡ ಸಾಹೇಬರಿಗೆ ಈ ಆಟದ ಹುಚ್ಚು. ಗೆದ್ದವನು ದುಡಿಯುವ ವರ್ಗದವನಾದರೆ ಕಾರ್ಖಾನೆಯ ಸ್ಟೋರಿನಲ್ಲಿ ಕಾಯಂ ಕೆಲಸ ಕೊಟ್ಟು ತಮ್ಮ ತಂಡಕ್ಕೆ ಆಡಿಸಿಕೊಳ್ಳುತ್ತೇವೆ ಎಂದು ಹೇಳಿದ್ದರು. ಸ್ಟೋರು ಅಂದರೆ ಕಬ್ಬಿಣದ ಸಾಮಾನು, ಎಣ್ಣೆಯ ವಾಸನೆ. ಧೂಳಿಲ್ಲ. ಚಾಚಿ ಆ ಸ್ಟೋರನ್ನು ಕಂಡವರಲ್ಲ, ಆದರೂ ಅಲ್ಲಿ ಕಿಟಕಿ ಇರಬಹುದೇ ಎಂದು ನನ್ನನ್ನು ಕೇಳಿದ್ದರು.

ಶಾಲೆಯೊಂದರ ಸಭಾಂಗಣದಲ್ಲಿ ಆಟ ನಡೆಯಿತು. ಚಾಚಾ ಒಂದಾದ ಮೇಲೊಂದು ಗೆದ್ದರು. ಕೊನೆಯ ಆಟ ದಾವಣಗೆರೆಯ ಒಬ್ಬ ಬ್ಯಾಂಕ್ ಅಧಿಕಾರಿಯ ಜತೆ. ನಾನೂ ಮಿಲ್ಲಿನ ಮೂವರು ಗೆಳೆಯರೂ ಹಗ್ಗದ ಆಚೆ ನಿಂತು ನೋಡುತ್ತಿದ್ದೆವು. ಸಭಾಂಗಣದಲ್ಲಿ ಮಾತಾಡಕೂಡದು ಎಂದಿದ್ದರಿಂದ ಗೆಳೆಯರಿಗೆ ಬಹಳ ಅನುಕೂಲವಾಯಿತು, ಅವರ ಕೈಗಳು ಒಂದೇ ಸಮನೆ ಆಡುತ್ತಿದ್ದವು. ಚಾಚಾನ ಕಣ್ಣೋ ಮಾಮೂಲಿನಂತೆ ಮಣೆ ಬಿಟ್ಟು ಸುತ್ತು ಹೊಡೆಯುತ್ತಿತ್ತು. ಕಾಯಿ ಇಡುತ್ತಿದ್ದರು, ಗೆಲ್ಲುತ್ತಿದ್ದರು.

ಸೋತ ಅಧಿಕಾರಿ ಎದ್ದು ನಿಂತು, ಈತ ಪ್ರತಿ ನಡೆಗೂ ತಲೆ ಎತ್ತಿ ಆ ಜನರ ಕೈ ನೋಡಿಕೊಂಡು ಆಡುತ್ತಾನೆ, ಇದು ಮೋಸ ಎಂದು ದೂರು ಕೊಟ್ಟರು. ಅವರು ಸುಳ್ಳುಗಾರರಲ್ಲ. ಅವರ ಕುರ್ಚಿಯಲ್ಲಿ ಕೂತಿದ್ದರೆ ನಾನೂ ಹಾಗೇ ಅಂದುಕೊಳ್ಳುತ್ತಿದ್ದೆ. ಇದನ್ನು ಒಪ್ಪಿಕೊಳ್ಳಲು ನನಗೆ ಬಹಳ ವರ್ಷ ಬೇಕಾಯಿತು, ಆವತ್ತು ಮಾತ್ರ ಅವರ ಕೊರಳಪಟ್ಟಿ ಹಿಡಿಯುವಷ್ಟು ಕೋಪ ಬಂದಿತ್ತು.

ತೀರ್ಪುಗಾರರು ನಿವೃತ್ತ ಸ್ಟೇಷನ್ ಮಾಸ್ತರು, ನಿಯಮನಿಷ್ಠ ಮನುಷ್ಯ. ನಮ್ಮವರನ್ನು ಒಬ್ಬೊಬ್ಬರನ್ನಾಗಿ ಒಳಗೆ ಕರೆದು, ಕೈಯಲ್ಲಿ ಏನು ಹೇಳುತ್ತಿದ್ದಿರಿ ಎಂದು ವಿಚಾರಿಸಿದರು. ಒಬ್ಬ ಬಸ್ಸಿನ ಹೊತ್ತು ಕೇಳುತ್ತಿದ್ದೆ ಅಂದ. ಇನ್ನೊಬ್ಬ ಚಹಾದ ವಿಷಯ ಅಂದ. ಮೂರನೆಯವನು ಹೊಟ್ಟೆನೋವು ಅಂದ. ಮೂರೂ ಸುಳ್ಳು. ನಡೆದದ್ದಿಷ್ಟು: ಆ ಅಧಿಕಾರಿ ಒಂದು ಕಿವಿಯ ಬಳಿ ಉದ್ದ ಬೆಳೆಸಿದ ಕೂದಲನ್ನು ಬೋಳುತಲೆಯ ಮೇಲಿಂದ ಇನ್ನೊಂದು ಕಿವಿಗೆ ಎಳೆದು ಬಾಚಿಕೊಂಡಿದ್ದರು. ಫ್ಯಾನ್ ಗಾಳಿಗೆ ಅದು ಎದ್ದೆದ್ದು ಕೂರುತ್ತಿತ್ತು. ನಮ್ಮವರು ಅದನ್ನೇ ಆಡಿಕೊಂಡು ನಗುತ್ತಿದ್ದರು. ಅವರ ಎದುರಿಗೇ ಹಾಗೆಂದು ಹೇಳುವುದು ಹೇಗೆಂದು ನಾಚಿ ಒಬ್ಬೊಬ್ಬರೂ ಬಾಯಿಗೆ ಬಂದದ್ದು ಹೇಳಿದ್ದರು. ಕೊನೆಗೆ ನನ್ನ ಸರದಿ ಬಂತು. ನಾನು ನಿಜ ಹೇಳಿದೆ. ಅಧಿಕಾರಿಯ ಮುಖ ಕೆಂಪಾಯಿತು, ಕೈ ತಾನಾಗಿ ತಲೆಗೆ ಹೋಯಿತು. ನನ್ನ ನಿಜ ಅಲ್ಲಿದ್ದವರಿಗೆ ನಾಲ್ಕನೆಯ ಸುಳ್ಳಾಗಿ ಕಂಡಿತು, ಅದರಲ್ಲೂ ಅತಿ ಉದ್ಧಟವಾದದ್ದು.

ನಾಲ್ಕು ಮಗ್ಗದ ವಿಷಯವನ್ನೂ ಹೇಳಿದೆ. ಒಂದು ದಿನ ಬಂದು ಮಿಲ್ಲಿನಲ್ಲಿ ನಿಂತು ಅವರ ಕಣ್ಣು ನೋಡಿ ಎಂದು ಗೋಗರೆದೆ. ಹೊರಗಿನವರನ್ನು ಒಳಗೆ ಬಿಡುವುದಿಲ್ಲವಲ್ಲ ಎಂದು ಯಾರೋ ಅಂದರು, ಮಾತು ಅಲ್ಲಿಗೇ ನಿಂತಿತು. ಆಟ ರದ್ದು, ಬರುವ ಭಾನುವಾರ ಬಾಗಿಲು ಹಾಕಿದ ಕೋಣೆಯಲ್ಲಿ ಮತ್ತೆ ಆಡಬೇಕು, ಚಾಚಾ ಮಣೆಯಿಂದ ತಲೆ ಎತ್ತಿ ಯಾರ ಕಡೆ ನೋಡಿದರೂ ಸೋತಂತೆ ಎಂದು ತೀರ್ಮಾನವಾಯಿತು. ಕುರಾನ್ ಮುಟ್ಟಿ ಪ್ರಮಾಣ ಮಾಡಲಿ ಎಂದು ಒಬ್ಬರು ಸಲಹೆ ಕೊಟ್ಟರು. ನಾನು ಅದನ್ನು ಸನ್ನೆಯಲ್ಲಿ ತಿಳಿಸಿದಾಗ ಚಾಚಾ ಸ್ಟೇಷನ್ ಮಾಸ್ತರ ಕಡೆ ತಿರುಗಿ, "ಆಟಕ್ಕೆ ಕುರಾನ್ ಬ್ಯಾಡ್ರಿ. ನನ್ನ ಮಾತು ಐತೆ. ತಲೆ ಎತ್ತಲ್ಲ, ಮಣೆ ಬಿಟ್ಟು ಕಣ್ಣು ತೆಗೆಯಲ್ಲ" ಎಂದರು. ಕಿವುಡರ ದನಿ, ಸ್ವಲ್ಪ ಜೋರಾಗಿಯೇ ಬಂತು.

ಆ ವಾರ ಅವರ ಮನೆಯಲ್ಲಿ ನಾವು ಪಟ್ಟ ಪಾಡು ಯಾರಿಗೂ ಬೇಡ. ತಲೆ ತಗ್ಗಿಸಿ ಆಡಲು ಕೂತರೆ ಚಾಚಾ ನನ್ನಂಥವನ ಕೈಲೂ ಸೋಲುತ್ತಿದ್ದರು. ಕತ್ತು ಬಿಗಿದುಕೊಂಡು, ಬೆವೆತು, ಎರಡೇ ನಿಮಿಷಕ್ಕೆ ಕಣ್ಣು ಗೋಡೆಗೆ ಹಾರುತ್ತಿತ್ತು. ಚಾಚಿ ಟವೆಲು ತಂದು ಜಟಕಾ ಕುದುರೆಯ ಕಣ್ಣುಪಟ್ಟಿಯ ಹಾಗೆ ಅವರ ತಲೆಗೆ ಹೊದಿಸಿದರು. ಮಕ್ಕಳು ನಕ್ಕರು, ಚಾಚಿಯೂ ನಕ್ಕರು. ನಗುತ್ತಾ ಇದ್ದವರು ಹಾಗೇ ಒಳಗೆ ಹೋಗಿ ಒಲೆಯ ಮುಂದೆ ಕೂತು ಅತ್ತರು. ಟವೆಲಿನೊಳಗಿಂದ ಚಾಚಾ ಹೇಳಿದರು: "ತಲೆ ಬಗ್ಗಿಸಿದ್ರೆ ಎಲ್ಲಾ ಮಗ್ಗ ಬಂದ್ ಆದಂಗ ಆಗ್ತೈತೆ ಬೇಟಾ. ಏನೂ ತಿಳಿಯವಲ್ದು." ಆದರೂ ಶನಿವಾರದ ಹೊತ್ತಿಗೆ ಹೇಗೋ ತಲೆ ತಗ್ಗಿಸಿಯೇ ಆಡುವುದನ್ನು ಕಲಿತಿದ್ದರು. ಬಹಳ ನಿಧಾನವಾಗಿ ಆಡುತ್ತಿದ್ದರು, ಅಷ್ಟೆ.

ಭಾನುವಾರ ಹರಿಹರದ ಅದೇ ಶಾಲೆಯ ಒಂದು ಕೋಣೆ. ಸಾಕ್ಷಿಗೆಂದು ಎರಡೂ ಕಡೆಯಿಂದ ಒಬ್ಬೊಬ್ಬರನ್ನು ಬಿಟ್ಟರು. ನಾನು ಚಾಚಾನಿಗೆ ಎದುರಾಗಿ, ಅಧಿಕಾರಿಯ ಬೆನ್ನ ಹಿಂದೆ. ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂರಬೇಕೆಂದು ನನಗೆ ಅಪ್ಪಣೆಯಾಗಿತ್ತು. ಮಣೆ ಇಟ್ಟದ್ದು ಮಕ್ಕಳ ಡೆಸ್ಕಿನ ಮೇಲೆ. ಅದರಲ್ಲಿ ಜಾಗ ಸಾಲದೆ ಚೆಸ್ ಗಡಿಯಾರವನ್ನು ಪಕ್ಕದ ಸ್ಟೂಲಿನ ಮೇಲಿಟ್ಟಿದ್ದರು. ಅದಕ್ಕೆ ಎರಡು ಮುಖ, ಒಬ್ಬೊಬ್ಬ ಆಟಗಾರನ ಹೊತ್ತಿಗೆ ಒಂದೊಂದು. ಆಡಿದವನು ತನ್ನ ಗುಂಡಿ ಒತ್ತಿದರೆ ಎದುರಾಳಿಯ ಮುಖ ಓಡುತ್ತದೆ. ಹೊತ್ತು ತೀರುತ್ತಾ ಬಂದಂತೆ ಮುಳ್ಳು ಒಂದು ಪುಟ್ಟ ಕೆಂಪು ಬಾವುಟವನ್ನು ಮೇಲಕ್ಕೆತ್ತುತ್ತದೆ. ಆ ಬಾವುಟ ಬಿದ್ದರೆ ಆಟ ಹೋಯಿತು, ಮಣೆಯ ಮೇಲೆ ಎಷ್ಟೇ ಗೆದ್ದಿರಲಿ. ಹೊತ್ತಾಯಿತೆಂದು ನೆನಪಿಸುವ ಹಕ್ಕು ತೀರ್ಪುಗಾರರಿಗೂ ಇಲ್ಲ, ನೋಡುವವರಿಗೂ ಇಲ್ಲ.

ಚಾಚಾ ತಲೆ ತಗ್ಗಿಸಿದವರು ತಗ್ಗಿಸಿದ ಹಾಗೇ ಇದ್ದರು. ಕೆಮ್ಮು ಬಂದರೂ ಟವೆಲಿಗೆ ಬಾಯಿ ಒತ್ತಿ ಮಣೆಯ ಮೇಲೇ ಬಾಗಿ ಕೆಮ್ಮಿದರು. ಕಾಯಿ ನಡೆಸಿದ ಮೇಲೆ ಕೈ ತಾನೇ ಸ್ಟೂಲಿನತ್ತ ಹೋಗಿ ಗುಂಡಿ ಒತ್ತಿ ಬರುತ್ತಿತ್ತು, ಕಣ್ಣು ಅದರ ಜತೆ ಹೋಗುತ್ತಿರಲಿಲ್ಲ. ನಿಧಾನವಾಗಿ, ಒಂದೊಂದೇ ಎಳೆ ಗಂಟು ಹಾಕಿದ ಹಾಗೆ, ಅವರು ಆಟವನ್ನು ಹಿಡಿದರು. ಒಂದು ಆನೆ ಹೆಚ್ಚಾಯಿತು. ಒಂದು ಸಿಪಾಯಿ ಮಂತ್ರಿಯಾಗಲು ಎರಡೇ ಮನೆ ಉಳಿಯಿತು. ಗೆದ್ದರು ಅಂದುಕೊಂಡೆ. ಆಗ ಸ್ಟೂಲಿನ ಕಡೆ ನೋಡಿದೆ. ಚಾಚಾನ ಬಾವುಟ ಮೇಲೇಳುತ್ತಿತ್ತು.

ಕೋಣೆಯಲ್ಲಿದ್ದ ಎಲ್ಲರಿಗೂ ಅದು ಕಾಣುತ್ತಿತ್ತು, ಅವರೊಬ್ಬರಿಗೆ ಬಿಟ್ಟು. ಸ್ಟೇಷನ್ ಮಾಸ್ತರು ಬಾವುಟ ನೋಡಿ, ನನ್ನನ್ನು ನೋಡಿ, ನೆಲ ನೋಡಿದರು. ಮಣಿಕಟ್ಟು ಒಂದು ಸಲ ತಟ್ಟಿದರೆ ಅವರ ಕಣ್ಣಂಚಿಗೆ ಬೀಳುತ್ತಿತ್ತೇನೋ, ಎಷ್ಟೋ ವರ್ಷ ದಿನವೂ ತಟ್ಟಿದ ಸನ್ನೆ. ಆದರೆ ಆ ಸನ್ನೆಯೇ ಅವರ ಮೇಲೆ ಹೊರಿಸಿದ ಮೋಸವನ್ನು ನಿಜ ಮಾಡಿಬಿಡುತ್ತಿತ್ತು. ತೊಡೆಯ ಕೆಳಗೆ ನನ್ನ ಕೈಗಳು ಜೋಮು ಹಿಡಿದಿದ್ದವು. ತಲೆ ಎತ್ತು ಚಾಚಾ, ಒಂದೇ ಒಂದು ಸಲ ಗಡಿಯಾರ ನೋಡು ಎಂದು ಒಳಗೇ ಕೂಗಿಕೊಂಡೆ. ನಮ್ಮ ಕಲ್ಲೇಶ್ವರನನ್ನೂ ಬೇಡಿಕೊಂಡೆ, ಅವರ ಅಲ್ಲಾನನ್ನೂ ಬೇಡಿಕೊಂಡೆ. ಚಾಚಾ ಬೆರಳನ್ನು ಸಿಪಾಯಿಯ ಹತ್ತಿರ ತಂದು, ಇನ್ನೊಮ್ಮೆ ಯೋಚಿಸೋಣವೆಂದು ಹಿಂದಕ್ಕೆ ತೆಗೆದರು.

ಬಾವುಟ ಬಿತ್ತು. ಅಧಿಕಾರಿ ಮೆಲ್ಲಗೆ, ಟೈಮಾಯಿತು ಎಂದರು. ಚಾಚಾನಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದರು. ಚಾಚಾ ಯೋಚಿಸುತ್ತಲೇ ಇದ್ದರು. ಕಡೆಗೆ ಸಿಪಾಯಿಯನ್ನು ಒಂದು ಮನೆ ಮುಂದಿಟ್ಟು, ಕೈ ಚಾಚಿ ಗುಂಡಿ ಒತ್ತಿದರು. ಸ್ಟೇಷನ್ ಮಾಸ್ತರು ಎದ್ದು ಬಂದು ಅವರ ಹೆಗಲ ಮೇಲೆ ಕೈಯಿಟ್ಟರು. ಆಗಲೂ ಚಾಚಾ ಮಣೆಯಿಂದ ಕಣ್ಣು ತೆಗೆಯಲಿಲ್ಲ.

"ತಲೆ ಎತ್ಲೇನ್ರಿ?" ಎಂದು ಕೇಳಿದರು.

ಉತ್ತರ ಕೊಟ್ಟರೂ ಅವರಿಗೆ ಕೇಳುತ್ತಿರಲಿಲ್ಲ. ಸ್ಟೇಷನ್ ಮಾಸ್ತರೇ ಅವರ ಗದ್ದ ಹಿಡಿದು ಮೆಲ್ಲಗೆ ಮೇಲಕ್ಕೆತ್ತಿ ಗಡಿಯಾರ ತೋರಿಸಿದರು.

ಬಸ್ಸು ತುಂಗಭದ್ರೆಯ ಕಡೆಗೆ ಬೆನ್ನು ಮಾಡಿ ದಾವಣಗೆರೆಯತ್ತ ಹೊರಟಾಗ ನಾನು ಸಿಟ್ಟಿನಿಂದ ಕೈಯಾಡಿಸಿದೆ: ಗಡಿಯಾರ ನೋಡಿದರೆ ಮೋಸ ಅಂತ ಯಾರು ಹೇಳಿದ್ದರು? ಅದಕ್ಕೆ ಯಾರ ತಕರಾರಿತ್ತು? ಅವರು ನಾಲಿಗೆ ಮುಟ್ಟಿಕೊಂಡು ಎದೆ ಮುಟ್ಟಿಕೊಂಡರು. ಮಾತು ಕೊಟ್ಟಿದ್ದೆ ಎಂದರ್ಥ. ಸ್ವಲ್ಪ ದೂರ ಹೋದ ಮೇಲೆ ತಾವೇ ನಕ್ಕು, "ಎಲ್ಲಿ ನೋಡಲ್ವೋ ಅಲ್ಲೇ..." ಎಂದು ಶುರು ಮಾಡಿ ಅರ್ಧಕ್ಕೇ ಬಿಟ್ಟರು.

ಸೋಮವಾರ ಮತ್ತೆ ಅದೇ ಧೂಳು, ಅದೇ ನಾಲ್ಕು ಮಗ್ಗ. ಊರಿನಲ್ಲಿ ಅವರಿಗೆ 'ಕೈಸನ್ನೆ ಸಾಬ' ಎಂದು ಹೆಸರು ಬಿತ್ತು. ಪರೀಕ್ಷೆಗೆ ಕೂರಿಸಿದರೆ ಸೋತನಲ್ಲ, ಅಂದಮೇಲೆ ಮೊದಲು ಗೆದ್ದದ್ದು ಮೋಸದಿಂದಲೇ ಎಂಬುದು ಜನರ ತರ್ಕ. ಚಾಚಾ ಮತ್ತೆ ಕಾಯಿ ಮುಟ್ಟಲಿಲ್ಲ. ಮಿಲ್ಲಿನೊಳಗೆ ಕಣ್ಣು ಮೊದಲಿನ ಹಾಗೇ ಓಡುತ್ತಿತ್ತು. ಗೇಟು ದಾಟಿದರೆ ಮಾತ್ರ ನೆಲ ನೋಡಿಕೊಂಡು ನಡೆಯುತ್ತಿದ್ದರು. ಮಂಡಕ್ಕಿ ಅಂಗಡಿಯಲ್ಲಿ ಎದುರು ಕೂತರೆ ಕಣ್ಣು ತಟ್ಟೆಯಲ್ಲೇ. ಎಷ್ಟೋ ಸಲ ನಾನು ಅವರ ಮುಂದೆ ಕೈ ಬೀಸಿ, ಇಲ್ಲಿ ನೋಡು ಚಾಚಾ ಎಂದು ಕರೆಯಬೇಕಾಗುತ್ತಿತ್ತು. ಯಾರು ಅವರಿಂದ ಏನು ಕಸಿದುಕೊಂಡರು ಎಂಬುದು ನನಗೆ ಅರ್ಥವಾದದ್ದು ಆ ಅಂಗಡಿಯಲ್ಲಿ.

ಈಗ ಸಣ್ಣಪುಟ್ಟ ಪಂದ್ಯಗಳಿಗೆ ನನ್ನನ್ನು ತೀರ್ಪುಗಾರನಾಗಿ ಕರೆಯುತ್ತಾರೆ. ಹೋದ ಕೂಡಲೇ ಗಡಿಯಾರ ಇಬ್ಬರ ಕಣ್ಣಿಗೂ ಬೀಳುವಂತಿದೆಯೇ ಎಂದು ನೋಡುತ್ತೇನೆ. ಯಾರಾದರೂ ತಲೆ ಎತ್ತಿ ಎತ್ತಲೋ ನೋಡುತ್ತಾನೆಂದು ದೂರು ಬಂದರೆ, ಮೊದಲು ಅವನ ಕಸುಬು ಏನೆಂದು ಕೇಳುತ್ತೇನೆ. ಜನ ನಗುತ್ತಾರೆ, ನಗಲಿ.

ಡಾಕ್ಟರ ಮಾತು ಸುಳ್ಳಾಗಲಿಲ್ಲ. ಕೆಲವೇ ವರ್ಷದಲ್ಲಿ ಚಾಚಾ ಆಸ್ಪತ್ರೆಯ ಮಂಚ ಹಿಡಿದರು. ಕಡೆಯ ದಿನ ನಾನು ಹೋದಾಗ ಚಾಚಿ ತಲೆದೆಸೆಯಲ್ಲಿ ಕೂತು ಅವರ ಎದೆ ನೀವುತ್ತಿದ್ದರು. "ನೋಡಪ್ಪ, ಬೆಳಗ್ಗಿಂದ ಹಿಂಗೇ ಐತೆ" ಎಂದರು. ನೋಡಿದೆ. ಚಾಚಾನ ಕಣ್ಣು ಓಡುತ್ತಿತ್ತು. ಕಿಟಕಿಗೆ, ಬಾಗಿಲಿಗೆ, ಪಕ್ಕದ ಮಂಚಕ್ಕೆ, ಮತ್ತೆ ಕಿಟಕಿಗೆ. ಎರಡು ಬೆರಳು ಕೂಡಿಸಿ ಬಿಡಿಸಿ ಕಿಟಕಿಯ ಕಡೆ ತೋರಿಸಿದರು. ಎಳೆ ಕಡಿದಿದೆ.

ನಾನು ಎದ್ದು ಕಿಟಕಿಯ ಹತ್ತಿರ ಹೋಗಿ, ಸರಳಿನ ಬಳಿ ಕೈಯಾಡಿಸಿ ಗಂಟು ಹಾಕಿ ಬಂದೆ. ಬಾಗಿಲು ತೋರಿಸಿದರು. ಅಲ್ಲಿಯೂ ಹಾಕಿದೆ. ವಾರ್ಡಿನ ರೋಗಿಗಳು ನನ್ನನ್ನೇ ನೋಡುತ್ತಿದ್ದರು. ನಾಲ್ಕೂ ಮೂಲೆ ಸುತ್ತಿ ಬಂದು ಅವರ ಮುಂದೆ ನಿಂತು ಮುಷ್ಟಿ ತಿರುಗಿಸಿದೆ: ನಾಲ್ಕೂ ಓಡುತ್ತಿವೆ, ಚಾಚಾ. ಅವರು ದಿಂಬಿನಿಂದ ತಲೆ ಎತ್ತಿ, ನಿಜವೋ ಸುಳ್ಳೋ ಎಂದು ಒಂದು ಸುತ್ತು ನೋಡಿಕೊಂಡು, ಆಮೇಲೆ ನನ್ನ ಮುಖ ನೋಡಿದರು. ಆ ಕಣ್ಣು ಅಲ್ಲಿಯೇ ನಿಂತಿತು.