ದೊಡ್ಡಪ್ಪನಿಗೆ ಕೊಡಲಾಗದ ರಕ್ತ

ಯಮನೂರಪ್ಪನ ಭಕ್ತ ಬಂಧುಗಳಿಗೆ ಶರಣು. ನಾಚಿಕೆಯಿಂದ ಆಸ್ಪತ್ರೆಯ ಹೊರಗೆ ಯಾರ ಮುಂದೆಯೂ ಹೇಳದ ಸಂಗತಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಬಸಪ್ಪ. ನವಲಗುಂದದ ಹತ್ತಿರದ ನಮ್ಮೂರಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದೇನೆ. 1976ರ ಯುಗಾದಿಯ ಹೊತ್ತಿಗೆ, ಇಪ್ಪತ್ತೆಂಟನೆಯ ವಯಸ್ಸಿನಲ್ಲಿ, ನನಗೆ ಮಲದಲ್ಲಿ ರಕ್ತ ಬೀಳತೊಡಗಿತು. ಊರಲ್ಲಿ ಔಷಧಿ ಕೊಡುವವರು ನಾಡಿ ಹಿಡಿದು, "ದಿನಾ ಮಷಿನ್ ಮುಂದ ಕುಂದರತಿ, ಮೂಲವ್ಯಾಧಿ ಆಗೈತಿ. ಈ ವಯಸ್ಸಿನ್ಯಾಗ ಬ್ಯಾರೆ ಏನಿರತೈತಿ?" ಎಂದರು. ಖಾರ ಬಿಟ್ಟೆ, ಮಜ್ಜಿಗೆ ಕುಡಿದೆ. ನಿಲ್ಲಲಿಲ್ಲ. ಹೆಂಡತಿಗೆ ಕಾಣಬಾರದೆಂದು ನನ್ನ ಧೋತರ ನಾನೇ ಒಗೆದುಕೊಳ್ಳುತ್ತಿದ್ದೆ.

ಅದೇ ಮಳೆಗಾಲ ನನ್ನನ್ನು ಸಾಕಿ ಬೆಳೆಸಿದ ದೊಡ್ಡಪ್ಪನಿಗೂ ರಕ್ತ ಬಿತ್ತು. ಅವರಿಗೆ ಎಪ್ಪತ್ತು. ಅವರು ಮುಚ್ಚಿಡಲಿಲ್ಲ, ಕಟ್ಟೆಯ ಮೇಲೆ ಕುಳಿತೇ ಹೇಳಿದರು. ಅದೇ ಔಷಧಿಯವರು ಈ ಸಲ ಗಾಬರಿಯಾಗಿ, "ಗಂಟು ಇರಬಹುದ್ರಿ. ತಡಾ ಮಾಡಬ್ಯಾಡ್ರಿ, ಹುಬ್ಬಳ್ಳಿಗೆ ಹೋಗ್ರಿ" ಎಂದರು. ನಾನು ಪಕ್ಕದಲ್ಲೇ ನಿಂತಿದ್ದೆ. ಆಗಲೂ ನನ್ನದನ್ನು ಮುಚ್ಚಿಟ್ಟೆ.

ಹೊರಡುವ ಮೊದಲು ದೊಡ್ಡಪ್ಪ, ದೊಡ್ಡವ್ವ, ನಾನು ಬಸ್ಸಿನಲ್ಲಿ ಯಮನೂರಿಗೆ ಹೋಗಿ ಯಮನೂರಪ್ಪನ ದರ್ಗಾದಲ್ಲಿ ಹರಕೆಯ ಸಕ್ಕರೆ ಓದಿಸಿದೆವು. ಕಣ್ಣು ಮುಚ್ಚಿ ಎರಡು ಬೇಡಿದೆ: ದೊಡ್ಡಪ್ಪನನ್ನು ಉಳಿಸು, ನನ್ನದನ್ನು ಮುಚ್ಚಿಡು.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ದೊಡ್ಡಪ್ಪನಿಗೆ ಕರುಳಿನ ಕ್ಯಾನ್ಸರ್ ಎಂದರು. ಆಪರೇಶನ್ನಿಗೆ ರಕ್ತ ಬೇಕಿತ್ತು. ನಾನೇ ಮುಂದಾದೆ. ಬೆರಳು ಚುಚ್ಚಿ ಒಂದು ಹನಿಯನ್ನು ನೀಲಿ ದ್ರಾವಣದ ಗ್ಲಾಸಿಗೆ ಬಿಟ್ಟರು. ಗಟ್ಟಿ ರಕ್ತವಾದರೆ ಮುಳುಗುತ್ತದಂತೆ. ನನ್ನದು ತೇಲಿತು. ಇನ್ನೊಂದು ಬಿಟ್ಟರು. ಅದೂ ತೇಲಿತು.

ಡಾಕ್ಟರು ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, "ನೀ ಯಾರಿಗೆ ರಕ್ತ ಕೊಡತೀಯೋ? ನಿನಗ ಬೇಕಾಗೈತಿ. ಎಲ್ಲಿ ಹೊಂಟೈತಿ ನಿನ್ನ ರಕ್ತ?" ಎಂದು ಕೇಳಿದರು.

ಆಗ ಹೇಳಿಬಿಟ್ಟೆ.

ಗುದದ್ವಾರದ ಒಳಗೆ, ಬೆರಳಿಗೆ ಸಿಗುವಷ್ಟು ಹತ್ತಿರದಲ್ಲೇ ಗಂಟಿತ್ತು. ನನ್ನನ್ನೂ ವಾರ್ಡಿಗೆ ಸೇರಿಸಿಕೊಂಡರು. ತುಣುಕು ತೆಗೆದು ಪರೀಕ್ಷಿಸಿ ಅದೂ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ಡಾಕ್ಟರು ನನ್ನ ಹಾಸಿಗೆಯ ಬಳಿ ಕುಳಿತರು. "ವಯಸ್ಸಾದವರಿಗೆ ರಕ್ತ ಬಿದ್ದರ ಗಂಟು ಹುಡುಕತಾರ. ಹರೇದವರಿಗೆ ಬಿದ್ದರ ಮೂಲವ್ಯಾಧಿ ಅಂದು ಕಳಸತಾರ. ಅದಕ್ಕ ನಿನ್ನದು ಮುಂದ ಹೋಗೈತಿ. ನಿಮ್ಮ ದೊಡ್ಡಪ್ಪಂದು ಸಣ್ಣದೈತಿ, ಆದರ ಅವರ ಎದಿ ಗಟ್ಟಿ ಇಲ್ಲ. ನಿನ್ನ ಮೈ ತಡಕೋತೈತಿ."

ಹಾಗೇ ಆಯಿತು. ದೊಡ್ಡಪ್ಪನಿಗೆ ಬೇರೆಯವರ ರಕ್ತ ಹೊಂದಿಸುವುದರಲ್ಲಿ ಐದು ದಿನ ಹೋದವು. ಗಂಟನ್ನು ಪೂರ್ತಿ ತೆಗೆದರು, ಆದರೆ ಆಪರೇಶನ್ ಆದ ನಾಲ್ಕನೆಯ ದಿನ ಮಧ್ಯಾಹ್ನ ಅವರ ಹೃದಯ ನಿಂತಿತು. ಅವರನ್ನು ಊರಿಗೆ ಒಯ್ಯುವಾಗ ನನಗೆ ರಕ್ತ ಏರಿಸುತ್ತಿದ್ದರು. ಮಣ್ಣಿಗೆ ಹೋಗಲಾಗಲಿಲ್ಲ. ಆಮೇಲೆ ನನಗೂ ಆಪರೇಶನ್ ಆಯಿತು. ಮಲ ಹೋಗಲು ಹೊಟ್ಟೆಯ ಎಡಕ್ಕೆ ದಾರಿ ಮಾಡಿದ್ದಾರೆ. ಇರುವವರೆಗೂ ಅದೇ.

ದೊಡ್ಡಪ್ಪನ ದಿವಸದ ಕಾರ್ಯ ಮುಗಿದ ಮೇಲೆ ದೊಡ್ಡವ್ವ ವಾರ್ಡಿಗೆ ಬಂದಳು. ನಾನು ಗೋಡೆಯ ಕಡೆ ಮುಖ ಮಾಡಿ, "ಯಮನೂರಪ್ಪ ನನ್ನ ಮಾತು ಕೇಳಲಿಲ್ಲ ಬೇ" ಎಂದೆ.

"ನಿಮ್ಮ ದೊಡ್ಡಪ್ಪನ ಮಾತು ಕೇಳ್ಯಾನಪಾ" ಎಂದಳು. "ಅವರು ತಮಗಂತ ಏನೂ ಬೇಡಲಿಲ್ಲ. ತಿರುಗಿ ಬರೂಮುಂದ ಬಸ್ಸಿನ್ಯಾಗ ನನಗ ಹೇಳಿದರು: 'ಬಸ್ಯಾ ಸೊರಗಾಕತ್ತಾನ, ಏನೋ ಮುಚ್ಚಿಡತಾನ. ಅದು ಬಯಲಾಗಲಿ ಅಂತ ಬೇಡಕೊಂಡೆ' ಅಂತ."

ಮೂರು ವರ್ಷವಾಯಿತು. ಗಂಟು ಮರಳಿಲ್ಲ. ಆದರೆ ರಕ್ತಕ್ಕಾಗಿ ಕಾದ ಆ ಐದು ದಿನಗಳು ನನ್ನನ್ನು ಬಿಟ್ಟಿಲ್ಲ. ಮಷಿನ್ ತುಳಿಯುವಾಗ ಬೆನ್ನ ಹಿಂದೆ ದೊಡ್ಡಪ್ಪನ ಕೆಮ್ಮು ಕೇಳಿ ಕಾಲು ನಿಲ್ಲುತ್ತದೆ. ತಿರುಗಿ ನೋಡಿದರೆ ಬಾಗಿಲು ಬರಿದು.

ನನ್ನ ಎರಡು ಬೇಡಿಕೆಗಳಲ್ಲಿ ಒಂದನ್ನೂ ನಡೆಸದ ಆ ದೇವರಿಗೆ ದಿನವೂ ಕೈ ಮುಗಿಯುತ್ತೇನೆ. ಅವನ ಮೇಲೆ ಮೊದಲಿಗಿಂತ ಹೆಚ್ಚು ನಂಬಿಕೆ ನನಗೆ. ಈಗ ಯಮನೂರಿಗೆ ಹೋದಾಗ ಕಣ್ಣು ಮುಚ್ಚುವ ಮೊದಲು ಪಕ್ಕದಲ್ಲಿ ನಿಂತವರ ಮುಖ ನೋಡುತ್ತೇನೆ. ಕಳೆದ ಗುರುವಾರ ಮೂವತ್ತರ ಒಳಗಿನ ಒಬ್ಬ ರೈತ ಬಿಳಿಚಿಕೊಂಡು ನಿಂತಿದ್ದ. ಹೊರಗೆ ಕರೆದು ಮೆಲ್ಲಗೆ, "ತಮ್ಮಾ, ಹೊರಕಡಿಗೆ ಹೋದಾಗ ರಕ್ತ ಬೀಳತೈತೇನು?" ಎಂದು ಕೇಳಿದೆ.

ಅವನು ತಲೆ ತಗ್ಗಿಸಿದ. ಮರುದಿನ ಮೊದಲ ಹುಬ್ಬಳ್ಳಿ ಬಸ್ಸಿಗೆ ಇಬ್ಬರೂ ಹತ್ತಿದೆವು.