ಜಗಳೂರಿಗೆ ಹೋದ ಕುಬಸದ ಸೀರೆ

ನಮ್ಮ ಮನೆಯವರಿಗೆ ದೇವರು ಕೊಟ್ಟ ವಿದ್ಯೆ ಒಂದೇ: ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವುದು. ಚನ್ನಗಿರಿ ಬಸ್‌ಸ್ಟ್ಯಾಂಡಿನಲ್ಲಿ ಈ ವಿಷಯದಲ್ಲಿ ಅವರನ್ನು ಮೀರಿಸಿದವರಿಲ್ಲ, ಹಾಗಂತ ಅವರೇ ಹೇಳುತ್ತಾರೆ. ಟವೆಲ್ ಇಲ್ಲದಿದ್ದರೆ ಕೊಡೆ, ಕೊಡೆ ಇಲ್ಲದಿದ್ದರೆ ಎಡಗಾಲಿನ ಚಪ್ಪಲಿ. ಒಮ್ಮೆ ಪಕ್ಕದ ಮನೆಯವರ ಮಗುವನ್ನೇ ಕಿಟಕಿಯೊಳಗೆ ತೂರಿಸಿ ಇಡೀ ಸೀಟು ಹಿಡಿದಿದ್ದರು. ಹಾಗೆ ಹಿಡಿದ ಸೀಟಿನ ಮೇಲೆ ನಮ್ಮ ಕಡೆ ಯಾರೂ ಕೂರುವುದಿಲ್ಲ. ಪಕ್ಕದ ಹೊಲದ ಬದುವನ್ನು ರಾತ್ರೋರಾತ್ರಿ ಒತ್ತುವ ಜನ ಟವೆಲ್ಲಿನ ಗಡಿಯನ್ನು ಮಾತ್ರ ದಾಟುವುದಿಲ್ಲ.

ಹೋದ ವರ್ಷ ನ್ಯಾಮತಿಯಲ್ಲಿ ನನ್ನ ತಂಗಿಯ ಕುಬಸ. ಬಸುರಿಗೆ ತವರಿನಿಂದ ಹಸಿರು ಸೀರೆ ಹೋಗಬೇಕು, ಅದನ್ನುಟ್ಟು ಅವಳು ಆರತಿಗೆ ಕೂರಬೇಕು. ಅಪ್ಪ ಅವ್ವ ಇಬ್ಬರೂ ಇಲ್ಲ, ಅವಳಿಗೆ ತವರು ಅಂದರೆ ಈಗ ನಾನೇ. ಅವಳ ಅತ್ತೆ ಮಾತಿನಲ್ಲಿ ಬಲು ನಯ. "ನಿಮ್ಮ ಕಡೆಯಿಂದ ಯಾರು ಬರ್ತಾರಮ್ಮ, ಪಾಪ, ನಾವೇ ಒಂದು ಸೀರೆ ತಂದಿಟ್ಟಿರ್ತೀವಿ ಬಿಡು" ಅಂದಿದ್ದರಂತೆ. ತಂಗಿ ಫೋನಿನಲ್ಲಿ ಅತ್ತಳು. ನನಗೆ ಮೈಯೆಲ್ಲ ಉರಿಯಿತು. ಇದ್ದುದರಲ್ಲಿ ಒಳ್ಳೆಯ ಸೀರೆ ತಂದು ಚೀಲಕ್ಕೆ ಹಾಕಿಕೊಂಡೆ. ಶುಭಕಾರ್ಯ ಅಂತ ನಾನೂ ನನ್ನ ಹಳೆಯ ಹಸಿರು ಸೀರೆಯನ್ನೇ ಉಟ್ಟು ಮನೆಯವರ ಜೊತೆ ಹೊರಟೆ.

ಹೊನ್ನಾಳಿಗೆ ಹೋಗಿ ಅಲ್ಲಿಂದ ನ್ಯಾಮತಿ ಹಿಡಿಯಬೇಕು. ಬಸ್ಸೊಂದು ಧೂಳೆಬ್ಬಿಸಿಕೊಂಡು ಸ್ಟ್ಯಾಂಡಿಗೆ ಬಂತು. ಯಾವುದೋ ಮದುವೆ ದಿಬ್ಬಣದ ಚೀಟಿ ಅಂಟಿಸಿ ಬೋರ್ಡಿನ ಊರ ಹೆಸರೇ ಮುಚ್ಚಿಹೋಗಿತ್ತು.

"ಹೊನ್ನಾಳಿದೇನ್ರೀ?" ಅಂತ ಪಕ್ಕದಲ್ಲಿ ನಿಂತ ಹಿರಿಯರೊಬ್ಬರನ್ನು ಕೇಳಿದೆ.

"ಹೂಂ, ಹೊನ್ನಾಳಿದೇ ಐತೆ, ಹತ್ರಿ ಹತ್ರಿ!"

ನಮ್ಮೂರಲ್ಲಿ ಗೊತ್ತಿಲ್ಲ ಅನ್ನುವುದು ದೊಡ್ಡ ಅವಮಾನ, ಯಾರೂ ಆ ಮಾತು ಬಾಯಿಗೆ ತಂದುಕೊಳ್ಳುವುದಿಲ್ಲ. ಮನೆಯವರು ಟವೆಲ್‌ಗಾಗಿ ಹೆಗಲು ಮುಟ್ಟಿ ನೋಡಿಕೊಂಡರು. ಅದು ಮನೆಯ ತಂತಿಯ ಮೇಲೆ ಒಣಗುತ್ತಿತ್ತು. ನಾನು ಬೇಡ ಅನ್ನುವಷ್ಟರಲ್ಲಿ ನನ್ನ ಕೈಯ ಚೀಲ ಕಿತ್ತು ಕಿಟಕಿಯೊಳಗೆ ಎಸೆದೇಬಿಟ್ಟರು. ಬಸ್ಸು ನಿಲ್ಲಲಿಲ್ಲ. ಓಡಿ ಹತ್ತಿದವರನ್ನು ಹತ್ತಿಸಿಕೊಂಡು ಸ್ಟ್ಯಾಂಡಿಗೆ ಒಂದು ಸುತ್ತು ಹಾಕಿ ಹೊರಗೆ ಹೋಯಿತು.

"ಡೀಸೆಲ್ ಹಾಕ್ಸಾಕೆ ಹೋಗೈತೆ, ಬರ್ತೈತೆ" ಅಂದರು ಅದೇ ಹಿರಿಯರು.

ಬರಲಿಲ್ಲ. ಕಾದು ಕಾದು ಕೊನೆಗೆ ಬಸ್ಸಿನ ಏಜೆಂಟನನ್ನು ಕೇಳಿದೆವು. "ಅದು ಜಗಳೂರು ಗಾಡಿ ಕಣ್ರೀ. ಇಷ್ಟೊತ್ತಿಗೆ ಸಂತೇಬೆನ್ನೂರು ದಾಟಿರ್ತೈತೆ" ಅಂದ. ಹಿರಿಯರು ತಲೆಯಾಡಿಸಿ, "ನಾನೂ ಹಂಗೇ ಅಂದ್ಕಂಡೆ" ಅಂದರು.

ಏಜೆಂಟ ಕಂಡಕ್ಟರಿಗೆ ಫೋನು ಮಾಡಿದ, ಎತ್ತಲಿಲ್ಲ. ನಮ್ಮ ನಂಬರು ಬರೆದುಕೊಂಡ. "ಚಿಂತೆ ಮಾಡಬೇಡ, ನಮ್ಮ ಸೀಟು ಯಾರೂ ಮುಟ್ಟಲ್ಲ" ಅಂದರು ಮನೆಯವರು. ಗಂಡ ಅನ್ನುವ ಪ್ರಾಣಿಯ ಧೈರ್ಯಕ್ಕೆ ಏನನ್ನೋಣ. ಸೀರೆ ಕೂತು ಜಗಳೂರಿಗೆ ಹೋಯಿತು, ನಾನು ಮುಂದಿನ ಬಸ್ಸಿನಲ್ಲಿ ನಿಂತುಕೊಂಡು ಹೊನ್ನಾಳಿಗೆ ಹೋದೆ.

ಅಲ್ಲಿ ಇನ್ನೊಂದು ಸೀರೆ ಕೊಳ್ಳೋಣವೆಂದು ಅಂಗಡಿಯ ಕಡೆ ಹೆಜ್ಜೆ ಇಟ್ಟರೆ ನ್ಯಾಮತಿ ಟೆಂಪೊದವನು "ಬಿಟ್ಟೆ, ಬಿಟ್ಟೆ!" ಅಂತ ಎಂಜಿನ್ ಗುರುಗುಟ್ಟಿಸಿದ. ಇದು ತಪ್ಪಿದರೆ ಆರತಿಯೇ ತಪ್ಪುತ್ತದೆಂದು ಓಡಿಬಂದು ತೂರಿಕೊಂಡೆವು. ಆಮೇಲೆ ಅರ್ಧ ಗಂಟೆ ಅದು ಅಲ್ಲೇ ನಿಂತು ಗುರುಗುಟ್ಟಿತು. ಕೂರಲು ಜಾಗ ಸಿಕ್ಕಿದ್ದು ಮನೆಯವರಿಗೆ ಮಾತ್ರ.

ತಂಗಿಯ ಅತ್ತೆ ಬಾಗಿಲಲ್ಲೇ ನಿಂತಿದ್ದರು. ನನ್ನ ಮುಖಕ್ಕಿಂತ ಮೊದಲು ಕೈ ನೋಡಿದರು. ಒಳಗೆ ತಟ್ಟೆಯಲ್ಲಿ ಅವರ ಸೀರೆ ಸಿದ್ಧವಾಗಿತ್ತು, ಸುತ್ತ ಊರ ಹೆಂಗಸರು. ಅದೇ ಹೊತ್ತಿಗೆ ಮನೆಯವರ ಫೋನು ಬಡಿದುಕೊಂಡಿತು. ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದರು ಪುಣ್ಯಾತ್ಮರು.

"ಚೀಲ ಭದ್ರವಾಗೈತೆ ರೀ. ಜಗಳೂರು ತನಕ ಜನ ನಿಂತ್ಕಂಡೇ ಬಂದ್ರು. ಕೂಸು ಎತ್ಕಂಡಿದ್ದ ಹೆಣ್ಮಗಳೂ ನಿಂತ್ಕಂಡೇ ಬಂದ್ಲು. ಯಾರೋ ಸೀಟು ಹಿಡಿದಾರೆ ಅಂತ ಒಬ್ರೂ ಕೂರ್ಲಿಲ್ಲ" ಅಂದ ಕಂಡಕ್ಟರ್.

ಮನೆಯವರು ಕುಸ್ತಿ ಗೆದ್ದವರ ಹಾಗೆ ಸುತ್ತ ನೋಡಿದರು. ಅತ್ತೆ ನಕ್ಕು, "ತವರಿನ ಸೀರೆ ಜಗಳೂರು ನೋಡಾಕೆ ಹೋಯ್ತೇನು? ಹೋಗ್ಲಿ ಬಿಡಮ್ಮ, ನಮ್ದು ಐತಲ್ಲ" ಅಂದರು. ಹೆಂಗಸರೆಲ್ಲ ಕಿಸಕ್ಕೆಂದರು.

ತಂಗಿ ಎದ್ದಳು. ನನ್ನ ಕೈ ಹಿಡಿದು ಕೋಣೆಗೆ ಎಳೆದುಕೊಂಡು ಹೋಗಿ ಅಗುಳಿ ಹಾಕಿದಳು.

"ಬಿಚ್ಚಕ್ಕಾ ನಿನ್ನ ಸೀರೆ."

ನನಗೆ ತನ್ನದೊಂದು ಸೀರೆ ಕೊಟ್ಟು, ದಾರಿಯ ಕಥೆ ಕೇಳುತ್ತಲೇ ನನ್ನದನ್ನು ತಾನು ಉಟ್ಟಳು. ಬೆವರಿನಲ್ಲಿ ನೆಂದಿತ್ತು, ಸೆರಗಿಗೆ ಟೆಂಪೊದ ಗ್ರೀಸು ಹತ್ತಿತ್ತು. ಹಾಗೆಯೇ ಹೊರಗೆ ಬಂದು ಮಣೆಯ ಮೇಲೆ ಕೂತಳು.

"ಇದೇನಮ್ಮ, ಹಳೇ ಸೀರೆ!" ಅಂದರು ಅತ್ತೆ.

"ಹಳೇದೇ ಅತ್ತೆ. ಆದ್ರೆ ತವರಿಂದ ಬಂದೈತೆ, ದಾರಿ ಪೂರ್ತಿ ನಿಂತ್ಕಂಡೇ ಬಂದೈತೆ. ಆರತಿ ಮಾಡ್ರಿ."

ಅತ್ತೆ ತಮ್ಮ ಸೀರೆಯ ತಟ್ಟೆ ಪಕ್ಕಕ್ಕೆ ಸರಿಸಿ ಆರತಿ ತಟ್ಟೆ ಎತ್ತಿಕೊಂಡರು.